ಬೋರಲು ಹಾಕಿದ ಲೋಟ

ನಮ್ಮ ಮನೆಯವರದು ಚಳ್ಳಕೆರೆಯಲ್ಲಿ ಮೆಡಿಕಲ್ ಶಾಪು. ಮಧ್ಯಾಹ್ನ ಅವರು ಊಟಕ್ಕೆ ಹೋಗಿ, ಒಂದು ಸಣ್ಣ ನಿದ್ದೆ ತೆಗೆದು ಬರುವವರೆಗೆ ಅಂಗಡಿಯಲ್ಲಿ ಕೂರುವವಳು ನಾನು. ಬೆನ್ನ ಹಿಂದಿನ ಕಪಾಟಿನಲ್ಲಿ ಕೆಮ್ಮಿನ ಸಿರಪ್ಪುಗಳದ್ದೇ ಎರಡು ಸಾಲು. ಕೆಂಪಗಿನವು, ಹಸಿರಿನವು, ಜೇನಿನ ಬಣ್ಣದವು, ಸಕ್ಕರೆ ಕಾಯಿಲೆಯವರಿಗೆಂದೇ ಬೇರೆಯವು. ಹದಿನೈದು ದಿನದಿಂದ ನನಗೇ ಕೆಮ್ಮು. ಗಿರಾಕಿಗಳಿಗೆ ಇದೊಂದು ತಮಾಷೆ. "ಏನಕ್ಕಾ, ಔಷಧಿ ಅಂಗಡೀಲಿ ಕೂತು ನೀವೇ ಕೆಮ್ಮಿದ್ರೆ ನಮ್ಮ ಗತಿ ಏನು?" ಅನ್ನುತ್ತಾರೆ. ನಾನೂ ಅವರೊಂದಿಗೆ ನಗುತ್ತೇನೆ. ಆದರೆ ಆ ಎರಡು ಸಾಲಿನಲ್ಲಿ ಯಾವ ಬಾಟಲಿಗೂ ಕೈ ಹಾಕಲು ಮನಸ್ಸು ಬರುವುದಿಲ್ಲ. ನನಗೆ ಬೇಕಾಗಿರುವುದು ಅವ್ವನ ಕೈಯ ಕಷಾಯ. ಅವ್ವ ಹೋಗಿ ವರ್ಷವಾಗುತ್ತಾ ಬಂತು.

ಆ ಕಷಾಯ ಮಾಡಲು ನನಗೆ ಬರುವುದಿಲ್ಲವೆಂದಲ್ಲ. ಬರುತ್ತದೆ. ಬರುತ್ತದೆ ಎನ್ನುವುದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು, ಅಷ್ಟೇ. ಅದನ್ನು ಯಾರಿಗಾದರೂ ಹೇಳಿಕೊಳ್ಳದಿದ್ದರೆ ಈ ಕೆಮ್ಮು ಹೋಗುವುದಿಲ್ಲವೇನೋ ಅನ್ನಿಸಿ ಬರೆಯಲು ಕೂತಿದ್ದೇನೆ.

ಅವ್ವನ ಊರು ಮೊಳಕಾಲ್ಮೂರು ತಾಲ್ಲೂಕಿನದು. ಚಳ್ಳಕೆರೆಯಿಂದ ಬಳ್ಳಾರಿ ಬಸ್ಸು ಹತ್ತಿ ರಾಂಪುರದಲ್ಲಿ ಇಳಿದು ಒಳಗೆ ಹೋಗಬೇಕು. ಇನ್ನೊಂದಿಷ್ಟು ದೂರ ನಡೆದರೆ ಆಂಧ್ರ. ನಮ್ಮ ಊರಿನ ಅರ್ಧ ಜನ ಜಗಳವನ್ನು ತೆಲುಗಿನಲ್ಲಿ ಆಡಿ, ರಾಜಿಯನ್ನು ಕನ್ನಡದಲ್ಲಿ ಮಾಡಿಕೊಳ್ಳುತ್ತಾರೆ. ನಮ್ಮದು ಶೇಂಗಾ ಬೆಳೆಯುವ ಮನೆ. ಆಕಳು ಎರಡು, ಕುರಿ ನಾಲ್ಕೈದು, ಮನೆಯ ಮುಂದೆ ಕಲ್ಲಿನ ಕಟ್ಟೆ, ಹಿಂದೆ ದನದ ಕೊಟ್ಟಿಗೆ. ಕೊಟ್ಟಿಗೆಯ ಹಿಂದೆ ಬಚ್ಚಲ ನೀರು ಹರಿಯುವ ಜಾಗದಲ್ಲಿ ಅವ್ವನ ಸೊಪ್ಪುಸದೆ ಬೆಳೆಯುತ್ತಿತ್ತು.

ಸಣ್ಣಪುಟ್ಟ ಕಾಯಿಲೆಗೆಲ್ಲ ಅವ್ವನ ಬಳಿ ಒಂದೊಂದು ಉಪಾಯವಿತ್ತು. ಹೊಟ್ಟೆ ನುಲಿದರೆ ಓಂಕಾಳಿಗೆ ನಾಲ್ಕು ಹರಳು ಉಪ್ಪು ಸೇರಿಸಿ, ಅಂಗೈಯಲ್ಲಿ ತಿಕ್ಕಿ ಬಾಯಿಗೆ ಹಾಕುತ್ತಿದ್ದಳು. ಹೊಟ್ಟೆ ಕೆಟ್ಟರೆ ದಾಳಿಂಬೆ ಸಿಪ್ಪೆ ತೇದು ಮಜ್ಜಿಗೆಯಲ್ಲಿ ಕಲಸಿ ಕೊಡುತ್ತಿದ್ದಳು. ಬೇಸಿಗೆಯಲ್ಲಿ ಕಣ್ಣುರಿ ಬಂದರೆ ನೆತ್ತಿಗೂ ಅಂಗಾಲಿಗೂ ಹರಳೆಣ್ಣೆ. ಬಿಸಿಲಲ್ಲಿ ಹೊಲಕ್ಕೆ ಹೊರಟ ಅಪ್ಪನ ರುಮಾಲಿನೊಳಗೆ ತಂಗಡಿ ಸೊಪ್ಪು ತುರುಕುವುದು ಅವಳದೇ ಕೆಲಸ. ಬಳ್ಳಾರಿ ಜಾಲಿಯ ಮುಳ್ಳು ಕಾಲಲ್ಲಿ ಮುರಿದುಕೊಂಡರೆ ಅದರ ಮೇಲೆ ಎರಡು ತೊಟ್ಟು ಎಕ್ಕದ ಹಾಲು ಬಿಡುತ್ತಿದ್ದಳು, ಒಂದೆರಡು ದಿನದಲ್ಲಿ ಮುಳ್ಳು ತಾನೇ ಹೊರಗೆ ತಲೆ ಹಾಕುತ್ತಿತ್ತು. ಮಂಡಿ ಹಿಡಿದವರಿಗೆ ಎಕ್ಕದ ಎಲೆಗೆ ಎಣ್ಣೆ ಸವರಿ, ಹಂಚಿನ ಮೇಲೆ ಬೆಚ್ಚಗೆ ಮಾಡಿ ಕಟ್ಟುವುದು. ಕೂಸುಗಳ ಹೊಟ್ಟೆ ಉಬ್ಬರಿಸಿದರೆ ಕಂಬಳಿಯ ತುಂಡು ಕಾಸಿ, ತನ್ನ ಕೆನ್ನೆಗೆ ಒತ್ತಿ ಬಿಸಿ ನೋಡಿ, ಆಮೇಲೆ ಶಾಖ ಕೊಡುವುದು. ಇದರಲ್ಲೆಲ್ಲ ಗುಟ್ಟು ಎನ್ನುವುದೇ ಇರಲಿಲ್ಲ. ಬೀದಿಯ ಆ ಕಡೆಯಿಂದ ಯಾರಾದರೂ ಕೂಗಿ ಕೇಳಿದರೆ ಈ ಕಡೆಯಿಂದ ಅವ್ವ ಕೂಗಿ ಹೇಳುತ್ತಿದ್ದಳು. ಮೂರು ದಿನದಲ್ಲಿ ತಗ್ಗದಿದ್ದರೆ ಡಾಕ್ಟರ ಹತ್ತಿರ ಹೋಗು ಅಂತಲೂ ಅಷ್ಟೇ ಜೋರಾಗಿ ಕೂಗುತ್ತಿದ್ದಳು.

ಕೆಮ್ಮಿನ ಕಷಾಯಕ್ಕೆ ಮಾತ್ರ ಕಟ್ಟುನಿಟ್ಟು. ಅದನ್ನು ಯಾರೂ ಬಾಯಿಬಿಟ್ಟು ಕೇಳುವಂತಿರಲಿಲ್ಲ. ಕೆಮ್ಮು ಬಂದವರು ಕಟ್ಟೆಯ ಮೇಲೆ ಅವ್ವನೆದುರು ಬಂದು ಕೂರಬೇಕು. ಮಳೆ, ಬೆಳೆ, ಅಳಿಯ, ಎಮ್ಮೆ ಏನನ್ನಾದರೂ ಮಾತಾಡಬೇಕು. ನಡುವೆ ಕೆಮ್ಮು ಬಂದರೆ ಕೆಮ್ಮಬೇಕು. ಅದನ್ನು ಕೇಳಿ ಅವ್ವ ತಾನಾಗಿಯೇ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಹೋಗುವಾಗ ಬರುವಾಗ ಮಾತಿಲ್ಲ, ಯಾರೂ ಹಿಂದಿನಿಂದ ಕೂಗುವಂತಿಲ್ಲ. ಕಾಳುಮೆಣಸು, ಶುಂಠಿ, ಬೆಲ್ಲ ಎಲ್ಲರ ಕಣ್ಣಿಗೂ ಬೀಳುತ್ತಿದ್ದವು. ಆದರೆ ಹಿತ್ತಲಿಂದ ಸೆರಗಿನೊಳಗೆ ತರುತ್ತಿದ್ದ ಮೂರು ಬಗೆಯ ಎಲೆಗಳನ್ನು ಯಾರೂ ನೋಡುತ್ತಿರಲಿಲ್ಲ. ಲೋಟ ಕೈಗೆ ಬಂದ ಮೇಲೆ ಇದರಲ್ಲಿ ಏನೈತೆ ಎಂದು ಕೇಳದೆ ಒಂದೇ ಗುಕ್ಕಿಗೆ ಕುಡಿಯಬೇಕು. ಆಮೇಲೆ ಖಾಲಿ ಲೋಟವನ್ನು ಹೊಸ್ತಿಲ ಪಕ್ಕ ಬೋರಲು ಹಾಕಿ, ಹೋಗುತ್ತೇನೆಂದೂ ಹೇಳದೆ ಎದ್ದು ಹೋಗಬೇಕು. ಆ ಲೋಟವನ್ನು ಎತ್ತುವುದು ಕೊಟ್ಟವಳ ಕೆಲಸ.

ಮೊಳಕಾಲ್ಮೂರಿನ ಒಬ್ಬ ಹಿರಿಯ ನೇಕಾರರು ಚಳಿಗಾಲಕ್ಕೊಮ್ಮೆ ತಪ್ಪದೆ ಬರುತ್ತಿದ್ದರು. ಅವರ ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ. ಮಗ್ಗದ ಮುಂದೆ ಕೂತವನಿಗೆ ಕೆಮ್ಮು ಬಂದರೆ ಕೆಲಸ ನಿಂತ ಹಾಗೆಯೇ, ಎಳೆಗಳ ಮೇಲೆ ಒಂದು ಹನಿ ಸಿಡಿದರೂ ರೇಷ್ಮೆಯಲ್ಲಿ ಕಲೆ ನಿಲ್ಲುತ್ತದೆ ಎನ್ನುತ್ತಿದ್ದರು. ಅವರು ಕಟ್ಟೆಯ ಮೇಲೆ ಕೂತು "ವಾನೇ ಲೇದಮ್ಮ" ಎಂದು ಮಳೆ ಇಲ್ಲದ್ದನ್ನು ತೆಲುಗಿನಲ್ಲಿ ತೋಡಿಕೊಳ್ಳುವರು. ಅವ್ವ "ಎಲ್ಲೈತೆ ಬಿಡ್ರಿ" ಎಂದು ಕನ್ನಡದಲ್ಲಿ ಸಮಾಧಾನ ಹೇಳುವಳು. ನಡುನಡುವೆ ಅವರು ಕೆಮ್ಮುವರು. ಎದುರಿಗೆ ಕೂತ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ನನ್ನ ಗಂಡನಿಗೆ ಈ ಕಟ್ಟಳೆ ಗೊತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಊರಿಗೆ ಬಂದವರು, ಗಂಟಲು ಕಟ್ಟಿಕೊಂಡು, ನೇರ ಅಡುಗೆಮನೆಯ ಬಾಗಿಲಿಗೆ ಹೋಗಿ "ಅತ್ತೇ, ಆ ಕಷಾಯ ಒಂಚೂರು ಕೊಡ್ರಿ" ಅಂದುಬಿಟ್ಟರು. ಅವ್ವ ಕಿವುಡಿಯಾದಳು. ಅವರು ಇನ್ನೊಮ್ಮೆ ಕೇಳಿದರು. ಅವ್ವ ರೊಟ್ಟಿ ಬಡಿಯುವ ಸದ್ದು ಜೋರು ಮಾಡಿದಳು. ಕೊನೆಗೆ ನಾನೇ ಅವರನ್ನು ಎಳೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂರಿಸಿ, "ಸುಮ್ಮನೆ ಕೂತು ಕೆಮ್ಮಿ" ಅಂದೆ. ಔಷಧಿ ಮಾರಿ ಬದುಕುವ ಮನುಷ್ಯ ಅರ್ಧ ಗಂಟೆ ಶೇಂಗಾ ಬೆಳೆಯ ಬಗ್ಗೆ ತನಗೆ ಗೊತ್ತಿಲ್ಲದ್ದನ್ನೆಲ್ಲ ಮಾತಾಡಿ ಕೆಮ್ಮಿದರು. ಆಮೇಲೆ ಲೋಟ ಬಂತು. ಈಗಲೂ ಅದನ್ನು ಹೇಳಿದರೆ ಅವರು ನಾಚಿಕೊಳ್ಳುತ್ತಾರೆ.

ಮನೆಯ ಮಕ್ಕಳಿಗೂ ವಿನಾಯಿತಿ ಇರಲಿಲ್ಲ. ನನಗಂತೂ ಲೋಟದ ತಳದಲ್ಲಿ ಉಳಿಯುವ ಬೆಲ್ಲದ ಆಸೆ. ಚೆನ್ನಾಗಿದ್ದಾಗಲೂ ಅವ್ವನ ಎದುರು ಹೋಗಿ ಕೂತು ಕೆಮ್ಮುತ್ತಿದ್ದೆ. ಅವ್ವ ಮುಖ ಎತ್ತದೆ, "ಇದು ಗಂಟಲಿನ ಕೆಮ್ಮಲ್ಲ, ಬೆಲ್ಲದ ಕೆಮ್ಮು. ಏಳು, ಹೋಗಿ ಕಸ ಗುಡಿಸು" ಅನ್ನುವಳು. ನಿಜವಾದ ಕೆಮ್ಮಾದರೆ ಒಂದೇ ಸಲಕ್ಕೆ ಅವಳಿಗೆ ತಿಳಿಯುತ್ತಿತ್ತು. ಮಾಡುತ್ತಿದ್ದ ಕೆಲಸ ಬಿಟ್ಟು ಏಳುತ್ತಿದ್ದಳು. ಅವಳು ಹಾಗೆ ಏಳುವುದನ್ನು ನೋಡಿದರೆ ನನಗೆ ಅರ್ಧ ವಾಸಿಯಾಗುತ್ತಿತ್ತು. ಇನ್ನು ಭಯವಿಲ್ಲ ಅನ್ನಿಸುತ್ತಿತ್ತು. ಈ ವಯಸ್ಸಿನಲ್ಲೂ ನಾನು ಹಂಬಲಿಸುವುದು ಅದನ್ನೇ, ನನ್ನ ಕೆಮ್ಮು ಕೇಳಿ ಒಬ್ಬರು ಮಾತಿಲ್ಲದೆ ಎದ್ದು ಒಳಗೆ ಹೋಗುವುದನ್ನು.

ಕಷಾಯ ಮಾಡಿದ ದಿನ ಅವ್ವ ನನಗೆ ಜಡೆ ಹಾಕಿದರೆ ಅವಳ ಬೆರಳಿನಿಂದ ಆ ಎಲೆಗಳ ವಾಸನೆ ಬರುತ್ತಿತ್ತು. ನನ್ನ ಮೂಗು ಚುರುಕು. ಒಂದು ಎಲೆ ಯಾವುದೆಂದು ಏಳನೇ ತರಗತಿಯಲ್ಲಿದ್ದಾಗಲೇ ಕಂಡುಹಿಡಿದಿದ್ದೆ. ಎರಡನೆಯದು ಮದುವೆಯ ಹೊತ್ತಿಗೆ ಗೊತ್ತಾಯಿತು. ಮೂರನೆಯದು ಮಾತ್ರ ಬಹಳ ವರ್ಷ ಕೈಗೆ ಸಿಗಲಿಲ್ಲ.

ಇನ್ನೊಂದು ಸಂಗತಿ ನನಗೆ ಆಗ ಅರ್ಥವಾಗಿರಲಿಲ್ಲ. ಅವ್ವ ಬೇರೆ ಯಾರ ಕೈಯ ಔಷಧಿಯನ್ನೂ ಕುಡಿಯುತ್ತಿರಲಿಲ್ಲ. ಅಂಗಡಿಯ ಮಾತ್ರೆ ನುಂಗುತ್ತಿದ್ದಳು, ಅದು ಯಾರ ಕೈಯದೂ ಅಲ್ಲವಂತೆ. ಆದರೆ ಪಕ್ಕದ ಮನೆಯವರು ಪ್ರೀತಿಯಿಂದ ಒಂದು ಲೋಟ ಶುಂಠಿ ಕಷಾಯ ತಂದುಕೊಟ್ಟರೂ ಬೇಡವೆನ್ನುತ್ತಿದ್ದಳು. ತನಗೆ ಕೆಮ್ಮಾದರೆ ತಾನೇ ಮಾಡಿಕೊಂಡು ಕುಡಿದು, ಲೋಟವನ್ನು ಬೋರಲು ಹಾಕದೆ ತೊಳೆದಿಡುತ್ತಿದ್ದಳು. ಯಾಕೆ ಎಂದರೆ "ಆಗಂಗಿಲ್ಲ ಬಿಡು" ಎಂದಷ್ಟೇ ಉತ್ತರ. ಹಟಮಾರಿ ಎಂದುಕೊಂಡು ನಾವೂ ಬಿಟ್ಟೆವು.

ಆ ಕಷಾಯ ಅವ್ವನಿಗೆ ಬಂದದ್ದು ಅವಳ ಅತ್ತೆಯಿಂದ, ಅಂದರೆ ನನ್ನ ಅಜ್ಜಿಯಿಂದ. ಹಾಗಾಗಿ ಅದು ಅತ್ತೆಯಿಂದ ಸೊಸೆಗೆ ಹೋಗುವ ಆಸ್ತಿ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ನನ್ನ ತಮ್ಮನ ಮದುವೆಯಾಗಿ ಅವನ ಹೆಂಡತಿ ಮನೆಗೆ ಬಂದ ದಿನದಿಂದ ನನ್ನ ಹೊಟ್ಟೆಯಲ್ಲಿ ಕಿಚ್ಚು. ಆ ಹುಡುಗಿ ಒಳ್ಳೆಯವಳು, ಅವಳ ತಪ್ಪೇನೂ ಇಲ್ಲ. ಆದರೆ ಅವ್ವನ ಬೆರಳಿನ ವಾಸನೆ ಹಿಡಿದು ಬೆಳೆದವಳು ನಾನು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಹಾಗೆ ನನ್ನನ್ನು ದೂರವಿಡುವುದನ್ನು ಸಹಿಸಲು ನನ್ನಿಂದ ಆಗುತ್ತಿರಲಿಲ್ಲ.

ಮೂರು ಸಲ ಅವ್ವನನ್ನು ಕೇಳಿದ್ದೇನೆ. ಮೊದಲ ಸಲ ನನ್ನ ಬಾಣಂತನದಲ್ಲಿ. ಅವ್ವ ನಕ್ಕು ಮಾತು ಹಾರಿಸಿದಳು. ಎರಡನೆಯ ಸಲ ನನ್ನ ಮಗಳಿಗೆ ನಾಯಿಕೆಮ್ಮಿನಂಥದ್ದು ಬಂದು ವಾಸಿಯಾದ ಮೇಲೆ. "ಹೇಳಿ ಕೊಡೋದಲ್ಲ ಕಣೇ ಅದು" ಅಂದಳು. ಮೂರನೆಯ ಸಲ ಅಪ್ಪ ತೀರಿಕೊಂಡ ವರ್ಷ. ಆಗಲೂ ಅದೇ ಮಾತು, ಹೇಳಿ ಕೊಡೋದಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಸೊಸೆಗೆ ಕೊಟ್ಕೋ. ನಮ್ಮ ಅಂಗಡೀಲಿ ನೂರು ಬಾಟಲಿ ಅದಾವೆ, ಅದನ್ನೇ ಕುಡಿದು ಬದುಕ್ತೀವಿ" ಎಂದು ಅಂದೇ ಬಸ್ಸು ಹತ್ತಿದೆ. ಅವ್ವ ಬಸ್ಸಿನವರೆಗೂ ಬಂದಳು. ಕೈಯಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ ಇತ್ತು. ಅದನ್ನು ತೆಗೆದುಕೊಂಡೆ, ಮುಖ ನೋಡಲಿಲ್ಲ.

ಸಿಟ್ಟಿಗೇ ಇರಬೇಕು, ಚಳ್ಳಕೆರೆಯ ನಮ್ಮ ಮನೆಯ ಹಿಂದೆ ಒಂದೊಂದೇ ಗಿಡ ತಂದು ನೆಟ್ಟೆ. ಎಲೆಗಳನ್ನು ಹಂಚಿನ ಮೇಲೆ ಬಾಡಿಸಿ, ಹಿಂಡಿ, ಮೂಸಿ, ಬೆರಳಿಗೆ ಉಜ್ಜಿಕೊಂಡು ನೋಡುತ್ತಿದ್ದೆ. ಅಂಗಡಿಯಲ್ಲಿ ಎರಡು ಸಾಲು ಸಿರಪ್ಪು ಇಟ್ಟುಕೊಂಡ ಗಂಡ ನನ್ನನ್ನು ನೋಡಿ ನಗುತ್ತಿದ್ದರು. ಒಂದು ಮಧ್ಯಾಹ್ನ ಮೂರನೆಯ ಎಲೆ ಸಿಕ್ಕಿತು. ಬೆರಳು ಮೂಸಿದರೆ ಅವ್ವ ಜಡೆ ಹಾಕುತ್ತಿದ್ದ ಸಂಜೆ. ಆ ಎಲೆ ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಕೋಪ ಮಾಡಿಕೊಳ್ಳಬೇಡಿ. ಅವತ್ತು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತೆ.

ಮೂರು ವರ್ಷದ ಹಿಂದೆ ಅವ್ವನಿಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಆಪರೇಷನ್ ಆದ ಮೇಲೆ ನಮ್ಮ ಮನೆಯಲ್ಲೇ ಒಂದು ವಾರ ಇದ್ದಳು. ಕಪ್ಪು ಕನ್ನಡಕ ಹಾಕಿಕೊಂಡು ವರಾಂಡದಲ್ಲಿ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ ಯಾರು, ಎತ್ತ ಎಂದು ವಿಚಾರಿಸುತ್ತಿದ್ದಳು. ಒಲೆಯ ಹತ್ತಿರ ಹೋಗಬಾರದು, ಕೆಮ್ಮಬಾರದು, ಕಣ್ಣಿಗೆ ಒತ್ತಡ ಬೀಳುತ್ತದೆ ಎಂದು ಡಾಕ್ಟರು ಹೇಳಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ ಅವ್ವನಿಗೆ ಕೆಮ್ಮು ಶುರುವಾಯಿತು. ಗಂಡ ಮುಂದಿನ ಅಂಗಡಿಯಿಂದ ಸಿರಪ್ಪು ತರಲು ಎದ್ದರು. ನಾನು ಮಾತಾಡದೆ ಹಿತ್ತಲಿಗೆ ಹೋದೆ.

ನಿಜ ಹೇಳಬೇಕೆಂದರೆ, ಅವ್ವನ ಕೆಮ್ಮಿಗಿಂತ ನನ್ನ ಹಮ್ಮೇ ಮುಂದಿತ್ತು. ನೀನು ಕೊಡದಿದ್ದರೇನು, ನನಗೆ ಬರುತ್ತದೆ ಎಂದು ತೋರಿಸಬೇಕಿತ್ತು. ಎಲೆ ಬಾಡಿಸಿದೆ, ಹಿಂಡಿದೆ, ಕುದಿಸಿದೆ. ಸ್ಟೀಲಿನ ಲೋಟದಲ್ಲಿ ತಂದು ಅವಳ ಮುಂದೆ ಹಿಡಿದೆ. ಅವ್ವ ಲೋಟ ತೆಗೆದುಕೊಂಡಳು. ಕುಡಿಯುವ ಮೊದಲು ನನ್ನ ಬಲಗೈಯನ್ನು ಎಳೆದುಕೊಂಡು, ನನ್ನ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಕಪ್ಪು ಕನ್ನಡಕದ ಹಿಂದೆ ಅವಳ ಕಣ್ಣಲ್ಲಿ ಏನಿತ್ತೋ ನನಗೆ ಕಾಣಲಿಲ್ಲ. ಆಮೇಲೆ ಒಂದೇ ಗುಕ್ಕಿಗೆ ಕುಡಿದಳು. ಗೋಡೆ ಹಿಡಿದುಕೊಂಡು ಎದ್ದು, ನಡೆದು ಹೋಗಿ, ಹೊಸ್ತಿಲ ಪಕ್ಕ ಲೋಟವನ್ನು ಬೋರಲು ಹಾಕಿ ಬಂದು ಕೂತಳು.

ನಾನು ಕಾದೆ. ಚೆನ್ನಾಗೈತೆ ಅನ್ನಲಿ, ಶುಂಠಿ ಜಾಸ್ತಿ ಆತು ಅನ್ನಲಿ, ಇದನ್ನ ಯಾರು ಹೇಳಿಕೊಟ್ರೇ ಎಂದು ಬಯ್ಯಲಿ, ಏನಾದರೂ ಸರಿ. ಅವ್ವ ತುಟಿ ಬಿಚ್ಚಲಿಲ್ಲ. ಸಂಜೆಯವರೆಗೂ ಕಾದೆ. ಕೆಮ್ಮು ತಗ್ಗಿತ್ತು, ಆದರೆ ಮಾತಿಲ್ಲ. ನಾನು ಹೇಗೆ ಅರ್ಥ ಮಾಡಿಕೊಂಡೆ ಕೇಳಿ. ಕಣ್ಣು ಕಾಣದೆ, ಒಲೆ ಮುಟ್ಟುವ ಹಾಗಿಲ್ಲದೆ, ಬೇರೆ ದಾರಿಯಿಲ್ಲದೆ ಕುಡಿದಳು. ನಾನು ಮಾಡಿದ್ದು ಎಲ್ಲೋ ತಪ್ಪಿದೆ, ಮಗಳ ಮನಸ್ಸು ನೋಯಬಾರದೆಂದು ಸುಮ್ಮನಿದ್ದಾಳೆ. ಬೋರಲು ಹಾಕಿದ್ದು ಕಾಯಿಲೆಯವರು ಎಲ್ಲರೂ ಮಾಡುವುದೇ. ಆ ಲೋಟವನ್ನು ಎತ್ತಿ, ಬೇಕೆಂದೇ ಸದ್ದು ಮಾಡಿ ತೊಳೆದೆ. ಊರಿಗೆ ಹೊರಟ ದಿನ ಅವ್ವ ಬಸ್ಸಿನ ಕಿಟಕಿಯಿಂದ ನನ್ನ ಬಲಗೈ ಹಿಡಿದುಕೊಂಡು ಬಸ್ಸು ಬಿಡುವವರೆಗೂ ಬಿಡಲಿಲ್ಲ. ಆಗಲೂ ನಾನು ಬಿಗಿದುಕೊಂಡೇ ಇದ್ದೆ. ಅದಾದ ಮೇಲೆ ಆ ಕಷಾಯ ಮಾಡಲು ಹೋಗಲಿಲ್ಲ. ಗಿಡಗಳಿಗೆ ನೀರು ಹಾಕುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಆ ಚಳಿಗಾಲದಲ್ಲೇ ಊರ ಕಡೆಯವರು ನಮ್ಮ ಅಂಗಡಿಗೆ ಬರುವುದು ಶುರುವಾಯಿತು. ಶೇಂಗಾ ಮಾರಲು ಚಳ್ಳಕೆರೆಗೆ ಬಂದವರು, ಮಗಳ ಮನೆಗೆ ಬಂದವರು, ನಾನು ಕೂತಿರುವ ಹೊತ್ತು ನೋಡಿಕೊಂಡು ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಏನು ಬೇಕೆಂದರೆ "ಏನಿಲ್ಲವ್ವ, ಹಿಂಗೇ ಬಂದ್ವಿ" ಎಂದು ಮಳೆ ಬೆಳೆ ಮಾತಾಡುತ್ತಿದ್ದರು, ಕೆಮ್ಮುತ್ತಿದ್ದರು. ತವರಿನವರು ಪ್ರೀತಿಯಿಂದ ಬರುತ್ತಾರೆಂದು ನನಗೆ ಖುಷಿ. ಮೊಳಕಾಲ್ಮೂರಿನ ಆ ಹಿರಿಯ ನೇಕಾರರೂ ಒಮ್ಮೆ ಬಂದರು. ಮಗ್ಗದ ಸುದ್ದಿ ಹೇಳಿದರು, ಕೆಮ್ಮಿದರು. ನಾನು ಹಿಂದಕ್ಕೆ ಕೈ ಚಾಚಿ ಹಸಿರು ಬಾಟಲಿ ತೆಗೆದು, ದಿನಕ್ಕೆ ಮೂರು ಸಲ ಎಂದು ಅದರ ಮೇಲೆ ಬರೆದುಕೊಟ್ಟೆ. ಅವರು ಬಾಟಲಿಯನ್ನು ತಿರುಗಿಸಿ ನೋಡಿದರು, ನನ್ನ ಮುಖ ನೋಡಿದರು. ಇನ್ನೂ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದರು.

ನಾನು ಊರಿಗೆ ಹೋಗುವುದು ಎರಡು ತಿಂಗಳಿಗೊಮ್ಮೆ. ಬೆಳಿಗ್ಗೆ ಹೋಗಿ ಸಂಜೆ ಬಸ್ಸಿಗೆ ವಾಪಸು. ಹೊರಡುವ ಹಿಂದಿನ ದಿನ ಫೋನು ಮಾಡುತ್ತಿದ್ದೆ. ವಯಸ್ಸಿನ ಕೆಮ್ಮು ಅವ್ವನಿಗೆ ಆಗಾಗ ಬರುತ್ತಿತ್ತು, ಹೋಗುತ್ತಿತ್ತು. ಹೋದ ಕೂಡಲೇ ಬ್ಯಾಗಿನಿಂದ ಸಿರಪ್ಪು ತೆಗೆದಿಡುತ್ತಿದ್ದೆ. ಅವ್ವ ನನ್ನ ಎದುರಿಗೆ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದಳು. ಆಕಳ ಸುದ್ದಿ, ಹೊಲದ ಸುದ್ದಿ, ಪಕ್ಕದ ಮನೆಯ ಸೊಸೆಯ ಸುದ್ದಿ. ನಡುವೆ ಕೆಮ್ಮು. "ಎರಡು ಚಮಚ ತಗೋ ಅವ್ವ, ಮರೀಬೇಡ" ಎಂದು ನಾನು ಬಾಟಲಿ ಅಲ್ಲಾಡಿಸುತ್ತಿದ್ದೆ. "ತಗೊಂತೀನಿ ಬಿಡು" ಅನ್ನುವಳು. ಅಡುಗೆಮನೆಯಲ್ಲಿ ನೀರಿನ ಕೊಡದ ಪಕ್ಕ ಪ್ರತಿ ಸಲವೂ ಒದ್ದೆ ಬಟ್ಟೆಯ ಗಂಟೊಂದು ಇರುತ್ತಿತ್ತು. ಸಾರಿಗೆ ತಂದ ಸೊಪ್ಪಿರಬೇಕು ಎಂದುಕೊಂಡು ಕಾಫಿ ಕುಡಿದು ಬರುತ್ತಿದ್ದೆ.

ಕಳೆದ ವರ್ಷ ಅವ್ವ ಹೋದಳು. ಕೆಮ್ಮಿನಿಂದಲ್ಲ. ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ವಯಸ್ಸಾಗಿತ್ತು, ಹೃದಯ ನಿಂತಿತು ಎಂದರು. ಯಾವ ಕಷಾಯವೂ ಅದನ್ನು ತಡೆಯುತ್ತಿರಲಿಲ್ಲ. ಔಷಧಿ ಅಂಗಡಿಯವಳಾದ ನನಗೆ ಅಷ್ಟು ಗೊತ್ತಿದೆ.

ತಿಂಗಳ ತಿಥಿಗೆ ಊರಿಗೆ ಹೋಗಿದ್ದೆ. ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ ನಾನೂ ತಮ್ಮನ ಹೆಂಡತಿಯೂ ಕಟ್ಟೆಯ ಮೇಲೆ ಕೂತಿದ್ದೆವು. ಆ ಹಿರಿಯ ನೇಕಾರರು ಬಂದರು. ಅವ್ವನನ್ನು ನೆನೆದು ಕಣ್ಣೊರೆಸಿಕೊಂಡರು. ಆಮೇಲೆ ಮಳೆಯ ಮಾತು ತೆಗೆದರು, ಕೆಮ್ಮಿದರು. ಮತ್ತೆ ಕೆಮ್ಮಿದರು. ತಮ್ಮನ ಹೆಂಡತಿ ಎದ್ದು ಹೋಗುತ್ತಾಳೆಂದು ನೋಡಿದೆ. ಅವಳು ಕೂತೇ ಇದ್ದಳು. ನನಗೆ ರೇಗಿತು. ಅವಳನ್ನು ಒಳಗೆ ಕರೆದು, "ಪಾಪ, ಅಷ್ಟು ದೂರದಿಂದ ಬಂದು ಕೆಮ್ಮುತಾ ಕೂತಾರೆ. ಅವ್ವ ನಿನಗೆ ಕೊಟ್ಟಿದ್ದು ಕಟ್ಟಿಡೋಕೇನೇ?" ಅಂದೆ.

ಅವಳು ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತಳು. "ನಂಗೆಲ್ಲಿ ಕೊಟ್ರು ಅಕ್ಕಾ? ಅದು ನಿಮ್ಮ ಕೈಯಾಗೈತಲ್ಲ. ನೀವು ಏಳ್ತೀರಾ ಅಂತ ನಾನು ಕಾಯ್ತಾ ಕೂತಿದ್ದೆ."

"ನನಗಾ? ಮೂರು ಸಲ ಕೇಳಿದ್ರೂ ಹೇಳಲಿಲ್ಲವಲ್ಲೇ."

"ಹೇಳಿ ಕೊಡೋದಲ್ಲಕ್ಕಾ ಅದು. ಕಣ್ಣು ಆಪರೇಷನ್ ಮಾಡಿಸ್ಕೊಂಡು ಚಳ್ಳಕೆರೆಯಿಂದ ಬಂದ್ರಲ್ಲ, ಅವತ್ತು ಕಾಲು ತೊಳೆಯೋಕೆ ಮುಂಚೇನೇ ಹೇಳಿದ್ರು. 'ನನ್ನ ಕೈಯಿಂದ ಹೋತು ಕಣವ್ವ. ಮಗಳ ಕೈಯಾಗೆ ಕುಡಿದು ಲೋಟ ಬೋರಲು ಹಾಕಿ ಬಂದೆ. ಯಾರೂ ಹೇಳಿಕೊಡದೆ ಮಾಡ್ಯಾಳೆ' ಅಂತ. ಏನು ಖುಷಿ ಅಂತೀರಾ, ಬೀದಿಗೆಲ್ಲ ಹೇಳಿದ್ರು. ಅವರತ್ತೇನೂ ಹಂಗೇ ಅಂತೆ. ಸೊಸೆ ತಾನಾಗಿ ಮಾಡಿಕೊಟ್ಟಿದ್ದನ್ನ ಕುಡಿದು ಬೋರಲು ಹಾಕಿದ್ರಂತೆ, ಅವತ್ತಿಂದ ಕೈ ಬದಲಾತಂತೆ. ಅದಕ್ಕೇ ಅತ್ತೆ ಬೇರೆಯೋರು ಕೊಟ್ಟಿದ್ದು ಕುಡೀತಿರಲಿಲ್ಲ. ಆಮೇಲೆ ಯಾರು ಬಂದ್ರೂ ಚಳ್ಳಕೆರೆಗೆ ಹೋಗ್ರಿ, ಮಗಳ ಹತ್ರ ಐತೆ ಅಂತ ಕಳಿಸ್ತಿದ್ರು."

ಅಂಗಡಿಯ ಬೆಂಚು ನೆನಪಾಯಿತು. ಹಸಿರು ಬಾಟಲಿ ತಿರುಗಿಸಿ ನೋಡಿದ ಮುಖ ನೆನಪಾಯಿತು. ನಾನು ಮೆಲ್ಲಗೆ ಕೇಳಿದೆ, "ಹಂಗಾದ್ರೆ ಅವ್ವ ತನಗೆ ಕೆಮ್ಮು ಬಂದಾಗ ಏನು ಮಾಡ್ತಿದ್ಲು?"

ತಮ್ಮನ ಹೆಂಡತಿ ನೀರಿನ ಕೊಡದ ಕಡೆ ನೋಡಿದಳು. "ಮಾಡ್ಕೊಳ್ರಿ ಅತ್ತೆ ಅಂತ ನಾನೇ ಅಂದೆ. 'ಬಿಟ್ಟು ಹೋದ ಕೈಯಾಗೆ ಮಾಡಿದ್ರೆ ಬರೀ ಬಿಸಿನೀರು' ಅಂದ್ರು. ನೀವು ನಾಳೆ ಬರ್ತೀನಿ ಅಂತ ಫೋನು ಮಾಡಿದ್ರೆ ಸಾಕು. 'ಮಗಳು ಬರ್ತಾಳೆ, ಹಿತ್ಲಾಗೆ ಆ ಮೂರು ಗಿಡದ್ದು ಕಿತ್ತು ಒದ್ದೆ ಬಟ್ಟೇಲಿ ಇಡು, ಅವಳಿಗೆ ಹುಡುಕೋದು ಬ್ಯಾಡ' ಅನ್ನೋರು. ನಿಮ್ಮೆದುರಿಗೆ ಬಂದು ಕೂರೋರು. ನೀವು ಬಸ್ಸು ಹತ್ತಿದ ಮೇಲೆ ನಾನು ಅದನ್ನ ಆಕಳಿಗೆ ಹಾಕ್ತಿದ್ದೆ. ನೀವು ಕೊಟ್ಟ ಸಿರಪ್ಪನ್ನೇ ಎರಡು ಚಮಚ ಕುಡಿದು, 'ಅವಳಿಗೆ ಪುರುಸೊತ್ತಿಲ್ಲ, ಬರೋ ಸಲ ಮಾಡ್ತಾಳೆ' ಅಂತ ಮಲಗೋರು."

"ನೀನಾದ್ರೂ ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಂಗಿಲ್ಲ ಅಂತ ಆಣೆ ಹಾಕಿಸ್ಕೊಂಡಿದ್ರು. ಕೇಳಿ ಕುಡಿದ್ರೆ ನಾಟಲ್ಲ ಅಂದಿದ್ರು. ನಿಮಗೆ ಗೊತ್ತೈತೆ ಅಂತಾನೇ ನಾನೂ ಅಂದ್ಕೊಂಡಿದ್ದೆ ಅಕ್ಕಾ."

ಹೊರಗೆ ಕಟ್ಟೆಯ ಮೇಲೆ ನೇಕಾರರು ಕೆಮ್ಮುತ್ತಲೇ ಇದ್ದರು. ಹಿತ್ತಲಿಗೆ ಹೋದೆ. ಬಚ್ಚಲ ನೀರಿನ ಹತ್ತಿರ ಮೂರೂ ಗಿಡ ಅಕ್ಕಪಕ್ಕ ಇದ್ದವು. ಕಿತ್ತು ಸೆರಗಿನೊಳಗೆ ಹಾಕಿಕೊಂಡು, ಯಾರ ಜೊತೆಯೂ ಮಾತಾಡದೆ ಒಲೆಯ ಮುಂದೆ ಬಂದು ಕೂತೆ. ಎಲೆ ಬಾಡಿಸುವಾಗ ಬಂದ ವಾಸನೆಗೆ ಕಣ್ಣೀರು ನಿಲ್ಲಲಿಲ್ಲ. ತಮ್ಮನ ಹೆಂಡತಿ ಹೊಗೆ ಎಂದುಕೊಂಡ ಹಾಗೆ ಮುಖ ಆಚೆ ತಿರುಗಿಸಿದಳು. ಅವ್ವನ ಹಿತ್ತಾಳೆ ಲೋಟದಲ್ಲೇ ಒಯ್ದು ಕೊಟ್ಟೆ. ಅವರು ಒಂದೇ ಗುಕ್ಕಿಗೆ ಕುಡಿದರು, ಲೋಟವನ್ನು ಹೊಸ್ತಿಲ ಪಕ್ಕ ಬೋರಲು ಹಾಕಿದರು, ಏನೂ ಹೇಳದೆ ರಸ್ತೆಗಿಳಿದರು. ನಾನು ಬಗ್ಗಿ ಅದನ್ನು ಎತ್ತಿದೆ. ಈ ಸಲ ಸದ್ದು ಮಾಡಲಿಲ್ಲ.

ಈಗ ಅಂಗಡಿಯ ಬೆಂಚಿನ ಮೇಲೆ ಯಾರಾದರೂ ಕೂತು ಮಳೆಯ ಮಾತು ತೆಗೆದರೆ ನಾನು ಕಿವಿಗೊಟ್ಟು ಕೇಳುತ್ತೇನೆ. ಅಂಗಡಿಯ ಹಿಂದೆಯೇ ಮನೆ, ಎದ್ದು ಒಳಗೆ ಹೋಗುತ್ತೇನೆ. ಗಂಡ ಗೊಣಗುವುದಿಲ್ಲ, ಅವರೂ ಒಮ್ಮೆ ಕಟ್ಟೆಯ ಮೇಲೆ ಕೂತು ಕೆಮ್ಮಿದವರೇ. ನನ್ನ ಈ ಹದಿನೈದು ದಿನದ ಕೆಮ್ಮಿಗೂ ನಿನ್ನೆ ನಾನೇ ಮಾಡಿಕೊಂಡು ಕುಡಿದೆ, ಲೋಟ ತೊಳೆದಿಟ್ಟೆ. ರುಚಿ ಅದೇ, ವಾಸನೆ ಅದೇ. ನನ್ನ ಕೆಮ್ಮಿಗೆ ಏಳುವವರು ಇನ್ನಿಲ್ಲ ಎನ್ನುವುದನ್ನು ಹೇಗೋ ನುಂಗಿಕೊಳ್ಳಬಹುದು. ಆದರೆ ಅವ್ವ ಅಷ್ಟು ಸಲ ನನ್ನೆದುರು ಬಂದು ಕೂತಳಲ್ಲ, ಆಕಳ ಸುದ್ದಿ ಹೇಳುತ್ತಾ ಕೆಮ್ಮಿದಳಲ್ಲ, ಅದನ್ನು ನುಂಗಲು ಆಗುವುದಿಲ್ಲ. ಇನ್ನೊಂದೇ ಒಂದು ಸಲ ಅವಳು ಬಂದು ಆ ಕಟ್ಟೆಯ ಮೇಲೆ ಕೂರಲಿ. ಏನನ್ನಾದರೂ ಮಾತಾಡಲಿ, ಒಂದೇ ಒಂದು ಸಲ ಕೆಮ್ಮಲಿ. ನಾನು ಎದ್ದು ಒಳಗೆ ಹೋಗುತ್ತೇನೆ.